ಯಾರಿಗಾಗಿ ಬಳಿದ ಬಣ್ಣ

ಪರದೇಶದ ಅಪ್ಪರ್ ಹಟ್ ಎಂಬ ಊರಿನಲ್ಲಿ ಒಂದು ಹಳೆಯ ಮರದ ಮನೆ ಕೊಂಡಾಗ, ೨೦೦೬ರಲ್ಲಿ, ಹರ್ಷಿಣಿಗೆ ನೆಟ್ಟಗೆ ಒಂದು ಮೊಳೆ ಹೊಡೆಯಲೂ ಬರುತ್ತಿರಲಿಲ್ಲ. ಮೈಸೂರಿನಲ್ಲಾದರೆ ನಲ್ಲಿ ಸೋರಿದಾಗ ಯಾರಿಗಾದರೂ ಹೇಳಿಕಳಿಸಿದರೆ ಆಯಿತು. ಇಲ್ಲಿ ಫೋನ್ ಮಾಡಿ ವಾರಗಟ್ಟಲೆ ಕಾಯಬೇಕು. ಆಸ್ಪತ್ರೆಯಲ್ಲಿ ಎಂಥ ಗಾಯಕ್ಕೂ ಅಳುಕದೆ ಪಟ್ಟಿ ಕಟ್ಟುವ ನರ್ಸ್ ಅವಳು, ತೂತುಬಿದ್ದ ಗೋಡೆಯ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದಳು.

"ಹೈಸ್ಕೂಲಲ್ಲಿ ಶನಿವಾರ ಮನೆ ರಿಪೇರಿ ಕ್ಲಾಸ್ ನಡಿಯತ್ತಂತೆ, ಏನೂ ಬರ್ದೇ ಇರೋರಿಗೆ. ಸೇರ್ಕೋ," ಎಂದವನು ಗಂಡ ಜಯಂತನೇ. "ನಮ್ಮನೆ, ನಾವೇ ಸರಿ ಮಾಡ್ಕೊಳೋಣ. ಇನ್ನು ಇಲ್ಲೇ ತಾನೆ ನಾವಿರೋದು?"

ಆ ಮಾತು ಅವಳ ಮನಸ್ಸಿಗೆ ನಾಟಿತು. ಅಲ್ಲಿಯವರೆಗೆ ಊರೂರು ಸುತ್ತಿ ಬಾಡಿಗೆ ಮನೆಗಳಲ್ಲೇ ಬದುಕಿದ್ದರು.

ಕ್ಲಾಸಿನಲ್ಲಿ ಮೊದಲ ದಿನ ಎಲ್ಲರ ಕೈಗೂ ಒಂದೊಂದು ಹಳೆಯ ಹಲಗೆ ಕೊಟ್ಟರು. ಮೊದಲು ಇದನ್ನು ಕೆಡಿಸಿ ಕಲಿಯಿರಿ, ಮನೆಗೆ ಆಮೇಲೆ ಕೈಹಾಕಿ ಎಂದರು. ನೀರು ಬಂದ್ ಮಾಡಿ ನಲ್ಲಿಯ ವಾಷರ್ ಬದಲಿಸುವುದನ್ನು ಹರ್ಷಿಣಿ ಕಲಿತಳು. ತೂತಿಗೆ ಪುಟ್ಟಿಯನ್ನು ತೆಳುವಾಗಿ ಮೆತ್ತಿ, ಒಣಗಲು ಬಿಟ್ಟು, ಉಪ್ಪುಕಾಗದದಿಂದ ಉಜ್ಜಿ, ಮತ್ತೆ ಮೆತ್ತುವುದನ್ನು ಕಲಿತಳು. ಆತುರಪಟ್ಟಲ್ಲೆಲ್ಲ ಬಿರುಕು ಬಿಟ್ಟಿತು. ಕೆರೆದು ಮತ್ತೆ ಮಾಡಿದಳು. ಜಯಂತ ಏಣಿ ಹಿಡಿದು ನಿಂತು ಹೊಗಳುತ್ತಿದ್ದ. ಮಲಗುವ ಕೋಣೆಗೆ ಅವಳು ಅರಿಶಿನದ ಬಣ್ಣ ಬೇಕೆಂದಾಗ ಮಾತ್ರ, "ಬಿಳೀನೇ ಇರ್ಲಿ, ಎಲ್ರಿಗೂ ಹಿಡಿಸತ್ತೆ" ಎಂದ. ಎಲ್ಲರೂ ಅಂದರೆ ಯಾರು ಎಂದು ಅವಳು ಕೇಳಲಿಲ್ಲ.

ಸೆಪ್ಟೆಂಬರಿನ ಒಂದು ಶನಿವಾರ ಕ್ಲಾಸು ಮುಗಿಸಿ ಬಂದಾಗ ಮನೆ ಮುಂದೆ ಬೇರೆ ಯಾರದೋ ಕಾರು ನಿಂತಿತ್ತು. ಹಾಲ್‌ನಲ್ಲಿ ಜಯಂತನ ಜೊತೆ ಟೈ ಕಟ್ಟಿದ ಒಬ್ಬ ಮನುಷ್ಯ ಗೋಡೆ ಸವರಿ ನೋಡುತ್ತಿದ್ದ. ತಾನು ಮನೆ ಮಾರಿಸಿಕೊಡುವ ಏಜೆಂಟ್ ಎಂದು ಹೇಳಿ, ಕೈ ಕುಲುಕಿ, ನಿಮ್ಮ ಕೆಲಸ ನೋಡಿದರೆ ಮನೆ ಬಿಸಿ ದೋಸೆಯ ಹಾಗೆ ಖರ್ಚಾಗುತ್ತದೆ ಎಂಬರ್ಥದ ಮಾತಾಡಿ ಹೊರಟುಹೋದ.

"ಕ್ರೈಸ್ಟ್‌ಚರ್ಚಲ್ಲಿ ಕೆಲ್ಸ ಸಿಕ್ಕಿದೆ," ಎಂದ ಜಯಂತ. "ಹೇಳ್ಬೇಕು ಅಂತಾನೇ ಇದ್ದೆ."

"ಯಾವಾಗಿಂದ ನಡೀತಿದೆ ಇದು?"

"ಸ್ವಲ್ಪ ದಿನ ಆಯ್ತು."

"ನನ್ನ ಕ್ಲಾಸಿಗೆ ಸೇರ್ಸೋಕೆ ಮುಂಚೇನಾ?"

ಅವನು ಕಿಟಕಿಯ ಕಡೆ ನೋಡಿದ. "ಮೊದಲಿದ್ದ ಹಾಗೇ ಇದ್ದಿದ್ರೆ ಯಾರು ತಗೋತಿದ್ರು ಹರ್ಷಿ? ಇಬ್ರಿಗೂ ಒಳ್ಳೇದೇ ಆಯ್ತಲ್ಲ."

"ನಿಜ ಹೇಳಿದ್ರೂ ಬಣ್ಣ ಬಳೀತಿದ್ದೆ ಕಣ್ರೀ," ಎಂದಳು. "ಮಾರೋಕೆ ಅಂತ ಗೊತ್ತಿದ್ದೇ ಬಳೀತಿದ್ದೆ. ಇಲ್ಲೇ ಇರ್ತೀವಿ ಅಂತ ಯಾಕೆ ನಂಬ್ಸಿದ್ರಿ?"

ಜಯಂತ ಏಜೆಂಟ್ ಕೊಟ್ಟುಹೋದ ಮಾರಾಟದ ಕಾಗದಗಳನ್ನು ಅವಳ ಮುಂದಿಟ್ಟ.

ಮನೆ ಇಬ್ಬರ ಹೆಸರಿನಲ್ಲಿತ್ತು. ಅವಳು ಸಹಿ ಹಾಕಲಿಲ್ಲ. ಜಯಂತ ಒಬ್ಬನೇ ಕ್ರೈಸ್ಟ್‌ಚರ್ಚ್‌ಗೆ ಹೋದ. ಪ್ರತಿ ಭಾನುವಾರ ಫೋನ್ ಮಾಡಿ, "ಕೋಪ ಇಳೀತಾ?" ಎಂದು ಕೇಳುತ್ತಿದ್ದ. ಕೋಪ ಎಂದೋ ಇಳಿದಿತ್ತು. ಆದರೆ ಅಲ್ಲಿ ಇವತ್ತು ಚಳಿ ಎಂದು ಅವನು ಹೇಳಿದರೂ, ಅದು ನಿಜವಿರಬಹುದೇ ಎಂದು ಅವಳ ಮನಸ್ಸು ಕೇಳುತ್ತಿತ್ತು.