ತುಳಿಯದ ಸ್ಪಂಜು

ಹನ್ನೊಂದನೆಯ ತಟ್ಟೆಯಲ್ಲೂ ಏನೂ ಇರಲಿಲ್ಲ. ಸಮುದ್ರದ ಸ್ಪಂಜಿನ ಸಾರದಲ್ಲಿ ಅದ್ದಿದ ಕಾಗದದ ಬಿಲ್ಲೆ. ಅದರ ಸುತ್ತ ಬ್ಯಾಕ್ಟೀರಿಯಾ ಸತ್ತು ತಿಳಿಯಾದ ಉಂಗುರ ಮೂಡಬೇಕಿತ್ತು. ಆ ಹಾಳಾದವು ಬಿಲ್ಲೆಗೇ ಒತ್ತಿಕೊಂಡು ಸೊಂಪಾಗಿ ಬೆಳೆದಿದ್ದವು.

"ಶುಕ್ರವಾರದೊಳಗೆ ಉಂಗುರ ತೋರಿಸು ಎಮ್ನಾ. ಇಲ್ಲಾಂದ್ರೆ ಈ ಸ್ಪಂಜಿನ ಸಹವಾಸ ಬಿಟ್ಟುಬಿಡು," ಎಂದರು ಪ್ರೊಫೆಸರ್ ಸಿಹೆಮ್.

ಎರಡು ವರ್ಷದ ಕೆಲಸ.

ಸ್ಪಂಜನ್ನು ಮಂಜುಗಡ್ಡೆಯಲ್ಲಿಟ್ಟು ಕಳಿಸುತ್ತಿದ್ದವನು ಕೆರ್ಕೆನ್ನಾ ದ್ವೀಪದ ಮಬ್ರೂಕ್, ಅವಳ ಅಪ್ಪನ ತಮ್ಮ. ಎದುರು ದಡದ ಸ್ಫ್ಯಾಕ್ಸ್ ಪಟ್ಟಣದಲ್ಲೇ ಬೆಳೆದ ಎಮ್ನಾ ಅವನ ಕೆಲಸವನ್ನು ಒಮ್ಮೆಯೂ ನೋಡಿರಲಿಲ್ಲ. ತಪ್ಪೆಲ್ಲಿದೆ ಎಂದು ನೋಡಲು ಸೋಮವಾರ ಫೆರಿ ಹತ್ತಿ ಹೋದವಳೇ ಅವನ ದೋಣಿಯಲ್ಲಿ ಕೂತಳು.

ಮಬ್ರೂಕ್ ಮುಳ್ಳೀಟಿಯಿಂದ ಕರಿಯ ಸ್ಪಂಜೊಂದನ್ನು ಮೇಲೆತ್ತಿದ, ಹಲಗೆಯ ಮೇಲೆ ಹಾಕಿದ, ಬರಿಗಾಲಲ್ಲಿ ಹತ್ತಿ ತುಳಿಯತೊಡಗಿದ. ಹಾಲಿನಂಥ ಗಬ್ಬು ರಸ ಹರಿದು ಸಮುದ್ರ ಸೇರಿತು.

"ಏನ್ಮಾಡ್ತಿದ್ದೀಯ ಚಿಕ್ಕಪ್ಪ?"

"ಹಾಲು ಹಿಂಡ್ತಿದ್ದೀನಿ. ನಮ್ಮಪ್ಪನೂ ಹಿಂಗೇ ಹಿಂಡ್ತಿದ್ದ."

"ನನಗೆ ಕಳಿಸಿದ್ದನ್ನೂ ತುಳಿದ್ಯಾ?"

"ನಿಂಗೆ ಅಂತ ಎರಡು ಸಲ ತುಳಿದೆ ಮಗಳೇ. ಗಬ್ಬು ನಾರೋ ಸ್ಪಂಜು ಕಳ್ಸಿ, ಓದಿದವರ ಮುಂದೆ ನಿನ್ನ ಮಾನ ಕಳೀಲಾ?"

ಎಮ್ನಾಗೆ ಅಳಬೇಕೆನಿಸಿತು, ಬಂದದ್ದು ನಗು. ಅವನು ಕಳಿಸಿದ ಸ್ಪಂಜುಗಳ ಮೇಲಿನ ಚರ್ಮ ನೆಟ್ಟಗೇ ಇದ್ದುದರಿಂದ ಅವಳಿಗೆ ಅನುಮಾನವೇ ಬಂದಿರಲಿಲ್ಲ.

"ನಾನು ಹುಡುಕ್ತಿರೋದೇ ಆ ಹಾಲನ್ನ!"

ಮಬ್ರೂಕ್ ಪೆಚ್ಚಾಗಿ ತನ್ನ ಕಾಲು ನೋಡಿಕೊಂಡ. "ಇದನ್ನ ಮೊದಲೇ ಹೇಳೋದಲ್ವಾ?"

ಹಿಂದಿರುಗುವ ಫೆರಿಯಲ್ಲಿ, ತುಳಿಯದ ಸ್ಪಂಜು ತುಂಬಿದ ಅವಳ ಬಕೆಟ್ಟಿನ ಸುತ್ತ ಯಾರೂ ಕೂರಲಿಲ್ಲ. ಆಕ್ಟೋಪಸ್ ತುಂಬಿದ ಬುಟ್ಟಿ ಹಿಡಿದ ಹೆಂಗಸೇ ಮೂಗು ಮುಚ್ಚಿಕೊಂಡಳು. "ಏನಮ್ಮಾ, ಅದರೊಳಗೆ ಸತ್ತಿರೋದು ಯಾರು?"

"ಸತ್ತಿಲ್ಲ ಅತ್ತೆ. ಇದೇ ಸಾಯಿಸಬೇಕು, ದೇವರು ಮನಸ್ಸು ಮಾಡಿದ್ರೆ."

ಶುಕ್ರವಾರ ಬೆಳಿಗ್ಗೆ ಅವಳು ಹೊಸ ಸಾರದ ತಟ್ಟೆ ತೆಗೆದಳು. ಮೂರು ಬಿಲ್ಲೆಗಳ ಸುತ್ತಲೂ ಹೆಬ್ಬೆರಳಗಲದ ತಿಳಿ ಉಂಗುರ. ಸಾರವಿಲ್ಲದ ನಾಲ್ಕನೆಯ ಬಿಲ್ಲೆಯ ಸುತ್ತ ಮಾತ್ರ ಬ್ಯಾಕ್ಟೀರಿಯಾ ಹಬ್ಬ ಮಾಡುತ್ತಿದ್ದವು. ಸಿಹೆಮ್ ತಟ್ಟೆಯನ್ನು ಬೆಳಕಿಗೆ ಹಿಡಿದು ಎರಡು ಸಲ ಅಳೆದರು.

"ಇನ್ನು ಬಿಡೋ ಮಾತೇ ಇಲ್ಲ," ಎಂದರು. "ಇನ್ನೂ ತರಿಸು."

ಎಮ್ನಾಗೆ ಕುಣಿಯಬೇಕೆನಿಸಿತು, ಪ್ರಯೋಗಾಲಯದ ಮೇಜುಗಳ ನಡುವೆ ಒಂದು ಸುತ್ತು ಕುಣಿದೂಬಿಟ್ಟಳು.

ಮುಂದಿನ ವಾರ ದ್ವೀಪದಿಂದ ಬಕೆಟ್ಟು ಬಂತು. ಮುಚ್ಚಳ ತೆಗೆದದ್ದೇ ತಡ, ಸಿಹೆಮ್ ಸಮೇತ ಎಲ್ಲರೂ ಹೊರಗೋಡಿದರು. ಒಳಗಿದ್ದ ಒದ್ದೆ ಚೀಟಿಯಲ್ಲಿ ಚಿಕ್ಕಪ್ಪನ ದಪ್ಪಕ್ಷರ: "ಕಾಲು ಸೋಕಿಸಿಲ್ಲ. ಮಾನ ಹೋದ್ರೆ ನನ್ನ ಕೇಳಬೇಡ."