ಪೂವಯ್ಯನ ಕೈಯ ವಿಷ

ಪೂವಯ್ಯನಿಗೆ ಕಾಡುಪಾಪ ಕಚ್ಚಿದ್ದು ಕಾಡಿನಲ್ಲಲ್ಲ, ಅವನದೇ ತೋಟದ ಹಾಲವಾಣ ಮರದ ಮೇಲೆ, ಹಾಡುಹಗಲಿನಲ್ಲಿ. ಕರಿಮೆಣಸು ಕುಯ್ಯಲು ಏಣಿ ಹತ್ತಿದವನು ಬಳ್ಳಿ ಹೆಣೆದುಕೊಂಡಿದ್ದ ಕಡೆ ಕಣ್ಣು ಹಾಯಿಸದೆ ಕೈ ಹಾಯಿಸಿದ. ಹಗಲಿಡೀ ಮುದುಡಿಕೊಂಡು ಮಲಗುವ ಆ ಪ್ರಾಣಿ ಒಳಗೆ ಮಲಗಿತ್ತು. ನಿದ್ದೆ ಕೆಟ್ಟವರು ಯಾರೇ ಆದರೂ ಮಾಡಬೇಕೆಂದುಕೊಳ್ಳುವುದನ್ನು ಅದು ಮಾಡಿಯೇ ಬಿಟ್ಟಿತು.

ಇಳಿದು ಬಂದು ನೋಡಿಕೊಂಡರೆ ಬಲಗೈಯ ತೋರುಬೆರಳಿನ ಮೇಲೆ ಸೂಜಿ ತಾಗಿದಂಥ ಎರಡು ಕೆಂಪು ಚುಕ್ಕೆ. ಮೇಲೆ ನೋಡಿದರೆ ಮುಕ್ಕಾಲು ಪಾಲು ಕಣ್ಣೇ ಆಗಿದ್ದ ಒಂದು ಪುಟ್ಟ ಮುಖ. ಅದು ಪೂವಯ್ಯನನ್ನು ಕರೆಯದೆ ಬಂದ ನೆಂಟನನ್ನು ನೋಡುವ ಹಾಗೆ ನೋಡಿ, ಯಾವ ಅವಸರವೂ ಇಲ್ಲದೆ ಎಲೆಯ ಹಿಂದಕ್ಕೆ ಸರಿಯಿತು.

ಹೆಂಡತಿ ಯಮುನ ಗಾಯ ತೊಳೆದು ಮಡಿಕೇರಿಗೆ ಕರೆದುಕೊಂಡು ಹೋದಳು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟ ನರ್ಸಮ್ಮ, ನಾಯಿಯೋ ಕೋತಿಯೋ ಎಂದು ಕೇಳಿದಳು. ಕಾಡುಪಾಪ ಎಂದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಕಚ್ಚಿದ್ದಕ್ಕಿಂತ ಆ ನಗು ಪೂವಯ್ಯನಿಗೆ ಹೆಚ್ಚು ಉರಿಯಿತು.

ಉರಿಯಲು ಬೇರೆ ಕಾರಣವೂ ಇತ್ತು. ಅವನ ದೊಡ್ಡಪ್ಪನ ಮಗ ಸಾಂತಪ್ಪನಿಗೆ ಬಹಳ ಹಿಂದೆ ಕಾಲಿಗೆ ಮಂಡಲದ ಹಾವು ಕಚ್ಚಿತ್ತು. ಅಂದಿನಿಂದ ಯಾವ ಮದುವೆಯಲ್ಲಾಗಲಿ, ತಿಥಿಯಲ್ಲಾಗಲಿ, ಊಟ ಮುಗಿದು ಎಲೆಅಡಿಕೆ ಬರುವಷ್ಟರಲ್ಲಿ ಸಾಂತಪ್ಪನ ಪಂಚೆ ಮೊಣಕಾಲಿನವರೆಗೆ ಏರುತ್ತಿತ್ತು. ಸುತ್ತ ಜನ ಕೂರುತ್ತಿದ್ದರು. ಊಟ ಮಾಡಿಸಿದ್ದು ಪೂವಯ್ಯ, ಜನ ಕೂರುವುದು ಸಾಂತಪ್ಪನ ಕಾಲಿನ ಸುತ್ತ.

ಊಟ ಮಾಡಿಸುವುದೆಂದರೆ ಇಲ್ಲಿ ಸಣ್ಣ ಮಾತಲ್ಲ. ಪೂವಯ್ಯ ಬಾಣಸಿಗನಲ್ಲ, ಕಾಫಿ ಬೆಳೆಗಾರ. ಆದರೆ ಅವರ ಕಡೆ ಮದುವೆಯ ಹಿಂದಿನ ದಿನ, ಚಪ್ಪರದ ದಿನ, ಊರ ಗಂಡಸರೇ ಸೇರಿ ಹಂದಿ ಅಡುಗೆ ಮಾಡುವುದು ರೂಢಿ. ಕುಯ್ಯುವವರು, ಕೊಚ್ಚುವವರು, ಸಲಹೆ ಕೊಡುವವರು ಎಷ್ಟು ಜನ ಬೇಕಾದರೂ ಇರಬಹುದು. ಉಪ್ಪು, ಅರಸಿನ, ಮೆಣಸಿನ ಪುಡಿ ಹಾಕಿ ಮಾಂಸ ಕಲಸುವ ಕೈ ಮಾತ್ರ ಒಂದೇ. ಸೌಟು ಮುಟ್ಟಿಸದೆ, ಮೊಣಕೈವರೆಗೆ ಇಳಿದು, ಬರಿಗೈಯಲ್ಲೇ ಕಲಸಬೇಕು. ಇಪ್ಪತ್ತು ವರ್ಷದಿಂದ ಆ ಕೈ ಪೂವಯ್ಯನದು. ಈಗ ತಮ್ಮ ತೀರ್ಥಪ್ರಸಾದನ ಮಗಳು ದೀಕ್ಷಿತಾಳ ಮದುವೆ ಹತ್ತಿರ ಬಂದಿತ್ತು. ಎಲ್ಲವನ್ನೂ ಕುಶಾಲನಗರದ ಕೇಟರಿಂಗಿನವರಿಗೆ ಕೊಟ್ಟುಬಿಡೋಣ ಎಂದ ತಮ್ಮನ ಜೊತೆ ವಾದ ಮಾಡಿ, ಮುನಿಸಿಕೊಂಡು, ಕೊನೆಗೆ ಚಪ್ಪರದ ದಿನದ ಹಂದಿ ಸಾರೊಂದನ್ನು ಪೂವಯ್ಯ ತನ್ನ ಕೈಗೆ ಉಳಿಸಿಕೊಂಡಿದ್ದ. ಎತ್ತಿ ಆಡಿಸಿದ ಗೂಡೆಯ, ಮನೆಯ ಹುಡುಗಿಯ, ಮದುವೆಗೆ ಯಾರೋ ಸಮವಸ್ತ್ರದವರು ಹಂದಿ ಬೇಯಿಸುವುದು ಎಂದರೇನು?

ಆಸ್ಪತ್ರೆಯಿಂದ ಬಸ್ ಸ್ಟ್ಯಾಂಡಿಗೆ ಬಂದಾಗ ಸಿಕ್ಕವರು ಗಜಾನನ ಭಟ್ಟರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ಯಾವ ಮಾತನ್ನೂ 'ಆದರೆ' ಇಲ್ಲದೆ ಮುಗಿಸಿದವರಲ್ಲ. ಬೆರಳು ನೋಡಿದ ಭಟ್ಟರ ಮುಖ ಅರಳಿತು. ಮಂಗ ಮನುಷ್ಯರ ಬಳಗದಲ್ಲೆಲ್ಲ ಕಚ್ಚಿ ವಿಷ ಇಳಿಸುವ ಪ್ರಾಣಿ ಎಂದರೆ ಈ ಕುಲದ್ದೊಂದೇ ಎಂದರು. ಸ್ಲೋ ಲೋರಿಸ್ ಅಂತ. ಕೈ ಎರಡನ್ನೂ ತಲೆಯ ಮೇಲೆ ಎತ್ತುತ್ತದೆ, ಮೊಣಕೈ ಬಳಿ ಒಸರುವ ಎಣ್ಣೆಯನ್ನು ನೆಕ್ಕುತ್ತದೆ, ಎಂಜಲಿನ ಜೊತೆ ಬೆರೆಸಿ ಕಚ್ಚುತ್ತದೆ. ಕಚ್ಚಿಸಿಕೊಂಡ ಕೆಲವರಿಗೆ ಉಸಿರೇ ಕಟ್ಟಿದ್ದುಂಟು. "ಆದರೆ ಪೂವಯ್ಯನವರೇ, ಅದು ಅಸ್ಸಾಮಿನಿಂದ ಆಚೆಗಿನ ಪ್ರಾಣಿ. ನಮ್ಮ ಮರದ ಮೇಲಿರುವುದು ಸ್ಲೆಂಡರ್ ಲೋರಿಸ್, ಕಡ್ಡಿ ಕಾಲಿನದು..." ಎಂದು ಭಟ್ಟರು ಶುರು ಮಾಡುವಷ್ಟರಲ್ಲಿ ಪೂವಯ್ಯ 'ಆದರೆ'ಯ ಈಚೆಗಿನದನ್ನು ಮಾತ್ರ ಜೇಬಿಗೆ ಹಾಕಿಕೊಂಡು ಬಸ್ ಹತ್ತಿದ್ದ. ಅಷ್ಟು ದೊಡ್ಡ ವಿಷ ಸಿಕ್ಕಿರುವಾಗ ಅದರ ಊರು ಕೇರಿ ವಿಚಾರಿಸುವವರುಂಟೇ?

ಮನೆ ಮುಟ್ಟುವ ಮೊದಲೇ ಬೆರಳಿಗೆ ಬ್ಯಾಂಡೇಜು ಏರಿತು. ವಾರದೊಳಗೆ ಅದು ಮುಂಗೈಗೂ ಹಬ್ಬಿತು. ಸುದ್ದಿ ಕೇಳಿ ಜನ ಬಂದರು. ಕಿತ್ತಳೆ ತಂದರು, ಹಾರ್ಲಿಕ್ಸ್ ತಂದರು. ಪೂವಯ್ಯ ಈಸಿಚೇರಿನಲ್ಲಿ ಕೂತು ಹೇಳಿದ. ಮೊದಲ ದಿನ ಬೆರಳು ಜುಮ್ಮೆಂದಿತ್ತು. ಮೂರನೆಯ ದಿನದ ಹೇಳಿಕೆಯಲ್ಲಿ ನಾಲಗೆ ಮರಗಟ್ಟಿತು. ಆಮೇಲೆ ಉಸಿರು ನಿಂತು, ಯಮುನ ಕೂಗಿ ಕರೆದ ಮೇಲೆ ಮರಳಿ ಬಂತು. ತಾನು ಯಾವಾಗ ಕೂಗಿದೆ ಎಂದು ಯಮುನ ನೆನಪು ಮಾಡಿಕೊಳ್ಳಲು ನೋಡಿ, ಬಿಟ್ಟುಬಿಟ್ಟು, ಒಳಗೆ ಹೋಗಿ ಕಡುಬಿಗೆ ನೀರಿಟ್ಟಳು. ಕಥೆಯ ಕೊನೆಗೆ ಪೂವಯ್ಯ ಎದ್ದು ನಿಂತು, ಎರಡೂ ಕೈ ತಲೆಯ ಮೇಲೆತ್ತಿ, ಕಣ್ಣರಳಿಸಿ ಕಾಡುಪಾಪನೇ ಆಗುತ್ತಿದ್ದ. ಹೆಂಗಸರು ಹಿಂದೆ ಸರಿಯುತ್ತಿದ್ದರು. ಬಂದವರನ್ನು ಉಣ್ಣಿಸದೆ ಕಳಿಸುವ ಮನೆಯಲ್ಲ ಅದು. ನೋಡಲು ಬಂದ ಸಾಂತಪ್ಪ ಕೂಡ ಗಟ್ಟಿಯಾಗಿ ಉಂಡು, ಕಾಲಿನ ಮಾತನ್ನು ಎತ್ತದೆ ಹೊರಟುಹೋದ. ಅವತ್ತು ಪೂವಯ್ಯನಿಗೆ ಒಳ್ಳೆಯ ನಿದ್ದೆ ಬಂತು.

ಮದುವೆ ಕೆಲಸ ಹಂಚಿಕೊಳ್ಳಲು ತೀರ್ಥಪ್ರಸಾದನ ಕಣದಲ್ಲಿ ಎಲ್ಲರೂ ಸೇರುವ ದಿನಕ್ಕೆ ಮುಂಚೆಯೇ ಸಾಂತಪ್ಪನ ಅನುಕಂಪ ಊರೆಲ್ಲ ಸುತ್ತಿತ್ತು. ಪಾಪ, ಪೂವಯ್ಯ ಬದುಕಿದ್ದೇ ದೊಡ್ಡದು. ವಿಷ ಇಳಿದ ಕೈ. ಮೊಣಕೈವರೆಗೆ ಮಾಂಸದಲ್ಲಿ ಆಡಬೇಕಾದ ಕೈ. ಹೆಣ್ಣಿನ ತಾಯಿಯ ಕಡೆಯವರು ನೆಲ್ಯಹುದಿಕೇರಿಯಿಂದ ಬಸ್ಸು ಮಾಡಿಕೊಂಡು ಬರುವವರು; ಅವರಲ್ಲಿ ಒಬ್ಬರಿಗೆ ಹೊಟ್ಟೆ ಕೆಟ್ಟರೂ ಯಾರು ಉತ್ತರ ಕೊಡುವುದು? ತೀರ್ಥಪ್ರಸಾದ ಅಣ್ಣನ ಮುಖ ನೋಡದೆ, ಈ ಸಲ ರೆಸ್ಟ್ ತೆಗೆದುಕೊಂಡರೆ ಹೇಗೆ ಎಂದ.

ಪೂವಯ್ಯ ಮರುದಿನವೇ ಭಟ್ಟರ ಮನೆ ಬಾಗಿಲಲ್ಲಿದ್ದ. ಅವತ್ತು ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟುಬಂದ 'ಆದರೆ'ಯ ಆಚೆಗಿನದು ಈಗ ಬೇಕಾಗಿತ್ತು. ಭಟ್ಟರಿಗೆ ಇಂಥ ವಿದ್ಯಾರ್ಥಿ ಕೆಲಸದಲ್ಲಿದ್ದಾಗಲೂ ಸಿಕ್ಕಿರಲಿಲ್ಲ. ಖುದ್ದಾಗಿ ಬಂದು ಹೇಳುತ್ತೇನೆ ಎಂದರು.

ಹೀಗೆ, ಹಂದಿಯ ವಿಚಾರ ತೀರ್ಮಾನಿಸಲು ಈರುಳ್ಳಿಯನ್ನೂ ಮುಟ್ಟದ ಭಟ್ಟರು ಕಣಕ್ಕೆ ಬಂದು, ಕಾಫಿ ಮಾತ್ರ ಸಾಕೆಂದು ಹೇಳಿ, ಎದ್ದು ನಿಂತರು. ಸ್ಲೋ ಲೋರಿಸಿನ ಕಡಿತದಲ್ಲಿ ವಿಷ ಇರುವುದು ನಿಜ ಎಂದರು. ಆದರೆ ಅದು ಮನುಷ್ಯರಿಗೆ ಎಷ್ಟು ವಿಷ, ಎಷ್ಟು ಬರೀ ಅಲರ್ಜಿ ಎಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಆದರೆ ನಮ್ಮ ಕಾಡುಪಾಪ ಬೇರೆ. ಅದರಲ್ಲಿ ವಿಷವಿದೆಯೆಂದು ಯಾರೂ ತೋರಿಸಿಲ್ಲ. ಪೂವಯ್ಯ ಎದೆಯುಬ್ಬಿಸಿ ಸುತ್ತ ನೋಡಿದ. "ಆದರೆ," ಎಂದರು ಭಟ್ಟರು, "ಇಲ್ಲವೆಂದೂ ಯಾರೂ ತೋರಿಸಿಲ್ಲ."

ಕಣದಲ್ಲಿ ಗುಜುಗುಜು ಎದ್ದಿತು. ಜನಕ್ಕೆ ಕೊನೆಯ ವಾಕ್ಯವೊಂದೇ ಕೇಳಿಸಿತ್ತು. ಈ ವಿದ್ಯೆಯಲ್ಲಿ ಪೂವಯ್ಯನೊಬ್ಬನೇ ನಿಪುಣನಲ್ಲ. ಭಟ್ಟರು ಉತ್ಸಾಹದಿಂದ ಮುಂದುವರಿದು, ವಿಷವಿರುವ ಜಾತಿಯವು ಕೂಡ ಅದನ್ನು ಹೆಚ್ಚಾಗಿ ಶತ್ರುಗಳ ಮೇಲೆ ಬಳಸುವುದಿಲ್ಲ, ತಮ್ಮ ಬಳಗದವರನ್ನೇ ಕಚ್ಚಲು ಇಟ್ಟುಕೊಂಡಿರುತ್ತವೆ ಎಂಬ ಅಭಿಪ್ರಾಯವಿದೆ ಎಂದರು. ಪೂವಯ್ಯ ಸಾಂತಪ್ಪನನ್ನು ನೋಡಿದ. ಸಾಂತಪ್ಪ ಮರದ ಮೇಲೆ ಏನನ್ನೋ ನೋಡುತ್ತಿದ್ದ.

"ಸಂಶಯ ಉಟ್ಟಲ್ಲ, ಸಂಶಯ ಇದ್ದರೆ ಅಷ್ಟೇ ಸಾಕ್," ಎಂದ ಸಾಂತಪ್ಪ ಮೆಲ್ಲಗೆ. "ಆ ಕೈ ಬೊತ್ತು, ಬೇಡವೇ ಬೇಡ. ಈ ಸಲ ನಾನೇ ಕಲಸ್ತೇನೆ. ಪೂವಯ್ಯ ಕುರ್ಚಿಲಿ ಕೂತ್ಕೊಂಡು ಹೇಳಿಕೊಡ್ಲಿ."

ಕುರ್ಚಿ ಎಂಬ ಮಾತು ಪೂವಯ್ಯನ ಹೊಟ್ಟೆಗೆ ಹೋಗಿ ಕೂತಿತು. ಮುಂದಿನ ಮದುವೆಗೆ ಕುರ್ಚಿಯೂ ಇರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಜುಮ್ಮೆಂದದ್ದು, ನಾಲಗೆ ಮರಗಟ್ಟಿದ್ದು, ಉಸಿರು ನಿಂತದ್ದು ಎಲ್ಲಕ್ಕೂ ಇಲ್ಲಿ ಕೂತವರೇ ಸಾಕ್ಷಿ. ತಾನೇ ಹೇಳಿದ್ದನ್ನು ತಾನೇ ಹೇಗೆ ಅಲ್ಲಗಳೆಯುವುದು?

ಕಾಫಿ ಲೋಟ ಒಟ್ಟುಮಾಡುತ್ತಿದ್ದ ಯಮುನ ತಲೆ ಎತ್ತದೆ ಕೇಳಿದಳು: "ಬಾವ, ಇವರನ್ನ ನೋಡಿಕೆ ಬಂದ ದಿನ ನೀವು ಎರಡು ಸಲ ಹಾಕಿಸ್ಕೊಂಡ್ರಲ್ಲ, ಆ ಹಂದಿನ ಕಲಸಿದ್ದು ಯಾರು?"

ಸಾಂತಪ್ಪ ಖಾಲಿ ಲೋಟವನ್ನು ಇನ್ನೊಮ್ಮೆ ಬಾಯಿಗಿಟ್ಟ.

"ನಂಗೆ ಮುಟ್ಟಿಕೆ ಬಿಡುವ ಜನವಾ ಇವರು? ಬ್ಯಾಂಡೇಜು ಬಿಚ್ಚಿಟ್ಟು ಕಲಸಿದ್ದು. ನೀವು ಗೇಟು ತೆಗೆದ ಸದ್ದಿಗೆ ಕೈ ತೊಳೆದು ಮತ್ತೆ ಸುತ್ತಿಕೊಂಡದ್ದು. ಇಲ್ಲಿ ಕೂತವರೆಲ್ಲ ಉಂಡವರೇ. ನಿಮ್ಮಲ್ಲಿ ಯಾರು ಸತ್ತದ್ದು ಹೇಳಿ."

ಒಂದಿಬ್ಬರು ಹೊಟ್ಟೆಯ ಮೇಲೆ ಕೈ ಇಟ್ಟು ಒಳಗಿನ ಸಮಾಚಾರ ಕೇಳಿಕೊಂಡರು. ಎಲ್ಲ ಸರಿಯಾಗಿದ್ದಂತೆ ಕಂಡಿತು. ಭಟ್ಟರು ಮಾತ್ರ ಕುರ್ಚಿಯಿಂದ ಅರ್ಧ ಎದ್ದು, ಬಂದವರಲ್ಲಿ ಉಣ್ಣದೆ ಹೋದವರು ಯಾರಾದರೂ ಇದ್ದಾರೆಯೇ, ಹೋಲಿಸಿ ನೋಡಬಹುದಿತ್ತು ಎಂದು ಕೇಳಿದರು. ಯಾರೂ ಇರಲಿಲ್ಲ. ವಿಜ್ಞಾನಕ್ಕೆ ನಷ್ಟವಾಯಿತು ಎನ್ನುವಂತೆ ಭಟ್ಟರು ಕೂತರು.

ತೀರ್ಥಪ್ರಸಾದ ಈಗ ಅಣ್ಣನ ಮುಖವನ್ನೇ ನೋಡಿದ. "ಅಣ್ಣ, ಭಟ್ಟರು ಬೊತ್ತು, ನೀನೇ ಹೇಳ್. ವಿಷ ಉಟ್ಟಾ, ಇಲ್ಲೆಯಾ?"

ಪೂವಯ್ಯ ತನ್ನ ಮುಂಗೈ ನೋಡಿಕೊಂಡ. ಒಂದು ಕಡೆ ಬದುಕಿನಲ್ಲಿ ಮೊದಲ ಸಲ ದಕ್ಕಿದ ವಿಷ, ಇನ್ನೊಂದು ಕಡೆ ಗೂಡೆಯ ಮದುವೆಯ ಹಂದಿ. ಬ್ಯಾಂಡೇಜಿನ ತುದಿ ಹುಡುಕಿ ನಿಧಾನವಾಗಿ ಬಿಚ್ಚತೊಡಗಿದ. ಬಿಚ್ಚಿದಷ್ಟೂ ಬಂತು. ಕೊನೆಗೆ ಹೊರಬಂದ ಬೆರಳು ಮದುಮಗಳ ಬೆರಳಿನಷ್ಟು ನುಣ್ಣಗಿತ್ತು. ಚುಕ್ಕೆ ಎಲ್ಲಿತ್ತೆಂದು ಅವನಿಗೇ ಗುರುತು ಸಿಗಲಿಲ್ಲ.

"ಇಲ್ಲೆ," ಎಂದ. "ಕಚ್ಚಿದ್ದೂ ಗಟ್ಟಿ ಇಲ್ಲೆ. ಹಾಲವಾಣದ ಮುಳ್ಳೇ ತಾಗಿತ್ತೋ ಏನೋ."

ಸಾಂತಪ್ಪನ ಮುಖದಲ್ಲಿ ಸೋತವನ ಬೇಸರಕ್ಕಿಂತ ಎದುರಾಳಿ ತಪ್ಪಿದವನ ನೆಮ್ಮದಿ ಹೆಚ್ಚು ಕಂಡಿತು. ಅವನ ಪಂಚೆ ಆಗಲೇ ಒಂದು ಗೇಣು ಮೇಲೇರಿತ್ತು.

ಚಪ್ಪರದ ದಿನ ಪೂವಯ್ಯ ಎಲ್ಲರೆದುರು ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆದು, ಮಾಂಸದೊಳಗೆ ಇಳಿದ. ಮಧ್ಯಾಹ್ನದ ಹೊತ್ತಿಗೆ ಸಾರಿಗೆ ಬಿದ್ದ ಕಾಚಂಪುಳಿಯ ಹುಳಿ ಪರಿಮಳ ರಸ್ತೆವರೆಗೆ ಹೋಗಿ ನೆಲ್ಯಹುದಿಕೇರಿಯ ಬಸ್ಸನ್ನು ಕರೆದುಕೊಂಡು ಬಂತು. ದೀಕ್ಷಿತಾ ಅರಸಿನ ಹಚ್ಚಿದ ಮುಖದಲ್ಲೇ ಅಡುಗೆ ಕಡೆ ಓಡಿ ಬಂದು, ಎಲ್ಲರಿಗಿಂತ ಮೊದಲು ತನಗೆ ಒಂದು ತುಂಡು ಬೇಕೆಂದು ದೊಡ್ಡಪ್ಪನೆದುರು ಕೈ ಚಾಚಿದಳು. ಪೂವಯ್ಯ ಊದಿ ಊದಿ ಆರಿಸಿ ಕೊಟ್ಟ. ಅವಳು ಕಣ್ಣು ಮುಚ್ಚಿ ಜಗಿದು ತಲೆಯಾಡಿಸಿದಾಗ ಅವನು ಹೊಗೆಯ ನೆಪದಲ್ಲಿ ಮುಖ ಒರೆಸಿಕೊಂಡ.

ಬಡಿಸುವಾಗ ನೆಲ್ಯಹುದಿಕೇರಿಯ ಮುದ್ದಿ ಎಂಬ ಮುದುಕಿ ಅವನ ಕೈಯನ್ನೇ ಹಿಡಿದು ನಿಲ್ಲಿಸಿದಳು. ಏನೋ ವಿಷದ ಪ್ರಾಣಿ ಕಚ್ಚಿದ್ದು ನಿನ್ನನ್ನೇ ಅಲ್ಲವಾ ಎಂದು ಕೇಳಿದಳು. ಪಂಕ್ತಿಯಲ್ಲಿ ನಾಲ್ಕಾರು ಕೈ ಎಲೆಯ ಮೇಲೆಯೇ ನಿಂತವು.

"ಛೆ ಛೆ. ಹಾಲವಾಣದ ಮುಳ್ಳು, ಅಜ್ಜಿ," ಎಂದು ಪೂವಯ್ಯ ಮುಂದಿನ ಎಲೆಗೆ ಹೋದ. ಕೈಗಳು ಮತ್ತೆ ಬಾಯಿಯ ದಾರಿ ಹಿಡಿದವು.

ಎಲ್ಲರ ಊಟವಾಯಿತು. ಚಪ್ಪರದ ಆಚೆ ಮೂಲೆಯಲ್ಲಿ ಸಾಂತಪ್ಪನ ಕಾಲಿನ ಸುತ್ತ ಜನ ಕೂತರು. ಪೂವಯ್ಯ ಹಂಡೆಯೊಳಗೆ ಬಗ್ಗಿ ನೋಡಿದ. ತಳದಲ್ಲಿ ಒಂದು ತುಂಡಾಗಲಿ, ಒಂದು ಸೌಟು ಸಾರಾಗಲಿ ಉಳಿದಿರಲಿಲ್ಲ. ಆದರೂ ಇನ್ನೊಮ್ಮೆ ಬಗ್ಗಿ ಖಾತ್ರಿ ಮಾಡಿಕೊಂಡ. ಹಂಡೆ ತೊಳೆಯಲು ನೀರು ಹುಯ್ಯಿಸಿದ. ಆಮೇಲೆ ಕೈ ಒರೆಸಿಕೊಂಡು, ಎಲೆಅಡಿಕೆ ಜಗಿಯುತ್ತಿದ್ದ ಮುದ್ದಿಯ ಪಕ್ಕ ಒಂದು ಕುರ್ಚಿ ಎಳೆದು ಕೂತ.

"ಅಜ್ಜಿ, ಅದು ಮುಳ್ಳಲ್ಲ," ಎಂದ.

ಆಚೆ ಮೂಲೆಯಿಂದ ಒಬ್ಬಿಬ್ಬರು ಈಚೆಗೆ ತಿರುಗುವುದು ಕಂಡಿತು. ಪೂವಯ್ಯ ಕುರ್ಚಿಯಿಂದ ಎದ್ದ, ಕಣ್ಣರಳಿಸಿದ, ಎರಡೂ ಕೈ ನಿಧಾನವಾಗಿ ತಲೆಯ ಮೇಲೆತ್ತಿದ.