ದಿಂಬಿನಲ್ಲಿ ಚುಚ್ಚಿಟ್ಟ ಹಳೆ ಸೂಜಿ

ಅಕ್ಕನ ಕಸೂತಿ ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು. ಯಂತ್ರಕ್ಕೆ ಹೊಸ ಸೂಜಿ ಹಾಕಿದ ಕೂಡಲೇ ಹಳೆಯದನ್ನು ಬಿಸಾಡುವಂತಿಲ್ಲ. ಹೊಸದು ಒಂದು ಕೆಲಸವನ್ನಾದರೂ ಪೂರ್ತಿ ಹೊಲಿದು ಮುಗಿಸುವ ತನಕ ಹಳೆಯದು ಪಕ್ಕದ ಪುಟ್ಟ ಸೂಜಿದಿಂಬಿನಲ್ಲಿ ಚುಚ್ಚಿಕೊಂಡೇ ಇರಬೇಕು. ತಮ್ಮನಿಗೂ ಇದನ್ನು ಹೇಳಿದ್ದಳು. ಅವನು ನಕ್ಕಿದ್ದ.

ತಮ್ಮನನ್ನು ಮನೆಯಲ್ಲಿ ಇಂಜಿನಿಯರ್ ಎಂದೇ ಕರೆಯುವುದು. ಓದಿ ಗಳಿಸಿದ್ದಲ್ಲ, ಎಂದೋ ಇಸ್ತ್ರಿಪೆಟ್ಟಿಗೆಯ ಪ್ಲಗ್ ಬದಲಿಸಿದ್ದಕ್ಕೆ ಅಮ್ಮ ಕೊಟ್ಟ ಬಿರುದು. ಅಂದಿನಿಂದ ಅವನು ಕೈಹಾಕದ ಸಾಮಾನು ಮನೆಯಲ್ಲಿಲ್ಲ, ಕೈಹಾಕಿದ ಮೇಲೆ ಉಳಿದದ್ದೂ ಕಡಿಮೆ.

ಕಸೂತಿ ಯಂತ್ರವನ್ನು ನಡೆಸುತ್ತಿದ್ದದ್ದು ಮೂಲೆಯ ಹಳೆ ಕಂಪ್ಯೂಟರು. ಅಕ್ಕ ವರ್ಷಗಟ್ಟಲೆ ಕಣ್ಣು ಸವೆಸಿ ಬರೆದ ಚಿತ್ತಾರಗಳೆಲ್ಲ ಅದರ ಹಾರ್ಡ್ ಡಿಸ್ಕಿನಲ್ಲಿದ್ದವು. ಅವನ್ನು ಓದಿ ಯಂತ್ರಕ್ಕೆ ಹೇಳಿಕೊಡುವ ಪ್ರೋಗ್ರಾಮೂ ಅಲ್ಲೇ. ಅದನ್ನು ತಯಾರಿಸಿದ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಗಿತ್ತು. ಈಚೆಗೆ ಡಿಸ್ಕು ಕಟಕಟ ಸದ್ದು ಮಾಡತೊಡಗಿತ್ತು. ರಿಪೇರಿಯವನನ್ನು ಕರೆಸೋಣವೆಂದು ಅಕ್ಕ ಹೊರಟರೆ ತಮ್ಮ ಅಡ್ಡ ಬಂದ.

"ಅವನ್ಯಾಕೆ, ನಾನಿಲ್ವಾ? ಇದ್ದದ್ದನ್ನ ಇದ್ದ ಹಾಗೇ ಹೊಸ ಡಿಸ್ಕಿಗೆ ಇಳಿಸ್ತೀನಿ. ನೀನು ಊಟ ಮಾಡಿ ಬರೋಷ್ಟರಲ್ಲಿ ಮುಗಿದಿರುತ್ತೆ."

"ಇಳಿಸು. ಆದ್ರೆ ಹೊಸದರಲ್ಲಿ ಒಂದು ಬ್ಯಾಡ್ಜು ಪೂರ್ತಿ ಹೊಲಿಯೋವರೆಗೂ ಹಳೇದರ ತಂಟೆಗೆ ಹೋಗಬೇಡ. ಕೇಳಿಸ್ತಾ?"

"ಕೇಳಿಸ್ತು ಮಹಾತಾಯಿ!"

ಮರುದಿನ ಬೆಳಿಗ್ಗೆ ಅಗ್ನಿಶಾಮಕ ದಳದ ಹೊಸ ಹುಡುಗಿಯರಿಗೆ ಭುಜದ ಬ್ಯಾಡ್ಜುಗಳನ್ನು ತಲುಪಿಸಬೇಕಿತ್ತು. ಅಂಗಡಿ ನಿಂತದ್ದೇ ದಳದವರ ಕೆಲಸದ ಮೇಲೆ. ಒಮ್ಮೆ ಮಾತು ತಪ್ಪಿದರೆ ಅವರು ಮತ್ತೆ ಈ ಬಾಗಿಲು ತುಳಿಯುವವರಲ್ಲ.

ಅಕ್ಕ ಊಟ ಮುಗಿಸಿ ಬಂದಾಗ ಕಂಪ್ಯೂಟರು ಬೆಳಗುತ್ತಿತ್ತು. ತಮ್ಮ ಕಾಲಮೇಲೆ ಕಾಲು ಹಾಕಿ ಕುಳಿತಿದ್ದ. ಚಿತ್ತಾರಗಳೆಲ್ಲ ಇದ್ದಲ್ಲೇ ಇದ್ದವು. ಸುಮ್ಮನೆ ಅನುಮಾನಪಟ್ಟೆನಲ್ಲ ಎಂದು ಅಕ್ಕನಿಗೇ ನಾಚಿಕೆಯಾಯಿತು. ಪ್ರೋಗ್ರಾಮು ತೆರೆದಳು. ಈ ಡಿಸ್ಕಿನಲ್ಲಿ ನಡೆಯಲು ಅನುಮತಿ ಇಲ್ಲ ಎಂದಿತು ಅದು. ಇನ್ನೊಮ್ಮೆ ತೆರೆದಳು. ಮತ್ತೂ ಅದೇ. ಮೊದಲು ಯಾವ ಡಿಸ್ಕಿಗೆ ಹಾಕಿದ್ದರೋ ಅದರಲ್ಲಲ್ಲದೆ ಬೇರೆಲ್ಲೂ ನಡೆಯದಂತೆ ಕಂಪನಿಯವರು ಬೀಗ ಜಡಿದಿದ್ದರು. ಯಂತ್ರದ ಸೂಜಿ ಅಲ್ಲಾಡಲಿಲ್ಲ.

"ಪರವಾಗಿಲ್ಲ, ಹಳೇ ಡಿಸ್ಕನ್ನೇ ವಾಪಸ್ ಹಾಕು," ಎಂದಳು.

ತಮ್ಮ ಸೂರು ನೋಡಿದ. ಆಗಲೇ ಅಂಗಡಿಯ ಒಳಕೋಣೆಯಿಂದ ಅಮ್ಮ ಬಂದಳು, ಕೈಯಲ್ಲೊಂದು ಹೊಳೆಯುವ ದುಂಡನೆಯ ತಟ್ಟೆ ಹಿಡಿದು ಅದರಲ್ಲಿ ಮುಖ ನೋಡಿಕೊಳ್ಳುತ್ತ.

"ನೋಡೇ, ಹಳೇ ಡಿಸ್ಕನ್ನ ಬಿಚ್ಚಿ ಹೇಗೆ ಕನ್ನಡಿ ತೆಗೆದುಕೊಟ್ಟಿದಾನೆ ಇಂಜಿನಿಯರ್ರು!"

ಅಕ್ಕ ಮೇಜಿನತ್ತ ತಿರುಗಿದಳು. ಮರುಕ್ಷಣ ಪಿತ್ತ ನೆತ್ತಿಗೇರಿತು. ಮೇಜಿನ ಮೇಲೆ ಸ್ಕ್ರೂಗಳು, ಒಡೆದ ಹಸಿರು ಸರ್ಕ್ಯೂಟ್ ಹಲಗೆ, ಎರಡು ಅಯಸ್ಕಾಂತ. ಹಳೆ ಡಿಸ್ಕು ಅಂತ ಉಳಿದದ್ದು ಅಷ್ಟೇ.

"ಮುಟ್ಟಬೇಡ ಅಂದಿರಲಿಲ್ವೇನೋ? ಬಾಯಿ ಬಡ್ಕೊಂಡಿರಲಿಲ್ವಾ?"

"ಹೊಸದು ಆನಾಯ್ತಲ್ಲ ಅಕ್ಕ, ಎಲ್ಲಾ ಸರಿ ಇದೆ ಅಂದ್ಕೊಂಡೆ..."

"ಹೋಗ್ಲಿ ಬಿಡೇ," ಎಂದಳು ಅಮ್ಮ. "ಪಾಪ, ಒಳ್ಳೇದು ಮಾಡೋಕೆ ತಾನೇ ಹೋಗಿದ್ದು?"

ಈ ಪಾಪ ಎಂಬ ಮಾತಿಗೆ ಅಕ್ಕನ ಮೈಯೆಲ್ಲ ಉರಿಯಿತು. ಅವನು ಕೆಡಿಸಿದಾಗಲೆಲ್ಲ ಅವನೇ ಪಾಪ. ಸರಿಮಾಡಲು ಒದ್ದಾಡುವವಳನ್ನು ಯಾರೂ ಒಂದು ದಿನವೂ ಪಾಪ ಅಂದವರಲ್ಲ. ಕೆಡಿಸುವುದಕ್ಕೆ ಬಿರುದು, ದುಡಿಯುವುದಕ್ಕೆ ಬುದ್ಧಿವಾದ!

"ಅಮ್ಮಾ, ಮುಖ ನೋಡ್ಕೊಂಡಾಗಿದ್ರೆ ಅದನ್ನ ಕೆಳಗಿಟ್ಟು ಮನೆಗೆ ಹೋಗು," ಎಂದಳು. ಅಮ್ಮ ಎಂದೂ ಕೇಳದ ದನಿ ಅದು. ಅವಳು ತಟ್ಟೆ ಇಟ್ಟು ಮೆಲ್ಲಗೆ ಹೊರಟಳು. ಅವಳ ಹಿಂದೆಯೇ ಜಾರಿಕೊಳ್ಳುತ್ತಿದ್ದ ತಮ್ಮನ ತೋಳು ಹಿಡಿದು ಅಕ್ಕ ಸ್ಟೂಲಿನ ಮೇಲೆ ಕೂರಿಸಿದಳು.

ಬಟ್ಟೆ ಕತ್ತರಿಸಿ ಚೌಕಟ್ಟಿಗೆ ಬಿಗಿದಳು. ಒಂದು ತಾನಿಟ್ಟುಕೊಂಡು ಇನ್ನೊಂದನ್ನು ಅವನ ತೊಡೆಯ ಮೇಲೆ ಕುಕ್ಕಿದಳು. ದಿಂಬಿನಿಂದ ಕೈಹೊಲಿಗೆಯ ಸೂಜಿ ಕಿತ್ತು ಕೆಂಪು ದಾರ ಪೋಣಿಸಿ ಅವನ ಕೈಗಿಟ್ಟಳು.

"ಬೆಳಿಗ್ಗೆವರೆಗೂ ಕೈಯಲ್ಲೇ ಹೊಲೀಬೇಕು. ಹೂಂ, ಶುರುಮಾಡು."

ತಮ್ಮ ಸೂಜಿ ನೋಡಿದ, ಬಟ್ಟೆ ನೋಡಿದ. ಮುಖ ಇಂಗು ತಿಂದ ಮಂಗನಂತಾಗಿತ್ತು.

"ಅಕ್ಕ, ನಂಗೆ ಈ ಕೆಲಸ ಗೊತ್ತಿಲ್ಲ."

ಅಕ್ಕ ತಲೆಯೆತ್ತಲಿಲ್ಲ. ಮೊದಲ ಹೊಲಿಗೆ ಹಾಕಿ ದಾರ ಎಳೆದಳು.

"ಇದೇ ಮಾತನ್ನ ಆ ಡಿಸ್ಕ್ ಮುಟ್ಟೋ ಮುಂಚೆ ಹೇಳಬೇಕಿತ್ತು."